44,100 ಎಂಬ ಅಂಕಿ ನಮ್ಮ ಕಂಪ್ಯೂಟರಿಗೆ ಬಂದ ದಾರಿ

ಕಂಪ್ಯೂಟರ್ ಪರದೆಯ ಕೆಳಮೂಲೆಯಲ್ಲಿ ಸ್ಪೀಕರ್ ಚಿತ್ರ ಇರುತ್ತದಲ್ಲ, ಅದರ ಸೆಟ್ಟಿಂಗ್ ಒಳಗೆ ಹೋಗಿ ‘ಅಡ್ವಾನ್ಸ್ಡ್’ ಅನ್ನುವಲ್ಲಿ ನೋಡಿದರೆ ಒಂದು ಪಟ್ಟಿ ಸಿಗುತ್ತದೆ. 16 ಬಿಟ್ 44,100 ಹರ್ಟ್ಜ್ ಸಿಡಿ ಗುಣಮಟ್ಟ, 16 ಬಿಟ್ 48,000 ಹರ್ಟ್ಜ್ ಡಿವಿಡಿ ಗುಣಮಟ್ಟ, ಆಮೇಲೆ 24 ಬಿಟ್ ಸ್ಟುಡಿಯೋ ಗುಣಮಟ್ಟ. ದೊಡ್ಡ ಅಂಕಿ ಆರಿಸಿದರೆ ಹಾಡು ಚೆನ್ನಾಗಿ ಕೇಳಬಹುದು ಅಂತ ಯಾರಿಗಾದರೂ ಅನ್ನಿಸುತ್ತದೆ. ನಾನೂ ಎಷ್ಟೋ ದಿನ ಅದನ್ನೇ ಮಾಡಿದೆ. ಏನೂ ಬದಲಾಗಲಿಲ್ಲ. ಹಾಗಾದರೆ ಈ ಅಂಕಿಗಳು ಅಲ್ಲಿ ಯಾಕಿವೆ ಎಂದು ಹುಡುಕುತ್ತಾ ಹೋದಾಗ ಸಿಕ್ಕ ಕಥೆ ಇದು. ಕಥೆ ಶುರುವಾಗುವುದು ಕಂಪ್ಯೂಟರಿನಿಂದ ಅಲ್ಲ, ವಿಡಿಯೋ ಟೇಪಿನಿಂದ.

ಮೊದಲು ಅಂಕಿಯ ಅರ್ಥ ತಿಳಿಯೋಣ. ಕೆರೆಯ ನೀರಿನ ಮಟ್ಟ ನೋಡಲು ಏರಿಯ ಹತ್ತಿರ ಅಳತೆಗೋಲು ನೆಟ್ಟಿರುತ್ತಾರೆ. ದಿನಾ ಹೋಗಿ ಮಟ್ಟ ಬರೆದಿಟ್ಟರೆ ವರ್ಷದ ಕೊನೆಗೆ ಕೆರೆ ಹೇಗೆ ಏರಿ ಇಳಿಯಿತು ಎಂದು ಗೆರೆ ಎಳೆಯಬಹುದು. ಕಂಪ್ಯೂಟರ್ ಧ್ವನಿಯ ಅಲೆಗೂ ಇದನ್ನೇ ಮಾಡುತ್ತದೆ. ಸೆಕೆಂಡಿಗೆ ಎಷ್ಟು ಸಲ ಅಳೆಯುತ್ತದೆ ಎನ್ನುವುದು 44,100. ಅಳತೆಗೋಲಿನ ಮೇಲೆ ಎಷ್ಟು ಗೆರೆ ಇವೆ ಎನ್ನುವುದು ಬಿಟ್. 8 ಬಿಟ್ ಅಂದರೆ 256 ಗೆರೆ, 16 ಬಿಟ್ ಅಂದರೆ 65,536 ಗೆರೆ.

ಮನುಷ್ಯರ ಕಿವಿಗೆ ಸುಮಾರು 20,000 ಹರ್ಟ್ಜ್ ತನಕ ಕೇಳುತ್ತದೆ, ವಯಸ್ಸಾದಂತೆ ಅದೂ ಇಳಿಯುತ್ತದೆ. ಯಾವುದೇ ಅಲೆಯನ್ನು ಸರಿಯಾಗಿ ಹಿಡಿಯಲು ಅದರ ಎರಡರಷ್ಟಕ್ಕಿಂತ ಹೆಚ್ಚು ಸಲ ಅಳೆಯಬೇಕು ಎನ್ನುವುದು ಗಣಿತದ ನಿಯಮ. ಅಲ್ಲಿಗೆ 40,000ದ ಮೇಲೆ ಸ್ವಲ್ಪ ಇದ್ದರೆ ಸಾಕು. 42,000 ಇಡಬಹುದಿತ್ತು, 45,000 ಇಡಬಹುದಿತ್ತು. ಬಾಲ ಇರುವ 44,100 ಯಾಕೆ?

ಒಂದು ಗಂಟೆಯ ಹಾಡನ್ನು ಈ ಲೆಕ್ಕದಲ್ಲಿ ಎರಡು ಕಿವಿಗೂ ಸೇರಿಸಿ ಬರೆದಿಟ್ಟರೆ 63 ಕೋಟಿ ಬೈಟ್ ದಾಟುತ್ತದೆ. 1983ರಲ್ಲಿ ಬಂದ ಐಬಿಎಂ ಪಿಸಿ ಎಕ್ಸ್‌ಟಿ ಕಂಪ್ಯೂಟರಿನ ಡಿಸ್ಕ್ 10 ಎಂಬಿ ಮಾತ್ರ, ಅಂದರೆ ಒಂದು ನಿಮಿಷದ ಹಾಡೂ ಅದರಲ್ಲಿ ಹಿಡಿಸದು. ಅದಕ್ಕೂ ಮೊದಲೇ, 1970ರ ದಶಕದ ಕೊನೆಯಲ್ಲಿ, ಜಪಾನಿನ ಸೋನಿಯವರು ಬೇರೆ ದಾರಿ ಹಿಡಿದಿದ್ದರು. ಅಷ್ಟೊಂದು ಮಾಹಿತಿ ತುಂಬಬಲ್ಲ, ಸುಲಭವಾಗಿ ಸಿಗುವ ವಸ್ತು ಆಗ ವಿಡಿಯೋ ಟೇಪ್. ಧ್ವನಿಯ ಅಂಕಿಗಳನ್ನು ಕಪ್ಪು ಬಿಳುಪು ಚುಕ್ಕೆಗಳಾಗಿ ಮಾಡಿ, ಟಿವಿ ಚಿತ್ರ ಎಂದು ರೆಕಾರ್ಡರನ್ನು ನಂಬಿಸಿ ಟೇಪಿಗೆ ಇಳಿಸಿದರು.

ಟಿವಿ ಚಿತ್ರ ಅಡ್ಡ ಗೆರೆಗಳಿಂದ ಆಗಿರುತ್ತದೆ. ಒಂದು ಗೆರೆಯಲ್ಲಿ 3 ಅಳತೆ ಕೂರಿಸಿದರು. ಜಪಾನ್, ಅಮೆರಿಕದ ಪದ್ಧತಿಯಲ್ಲಿ ಬಳಸಲು ಸಿಕ್ಕಿದ್ದು 245 ಗೆರೆ, ಸೆಕೆಂಡಿಗೆ 60 ಸಲ. ಯುರೋಪಿನಲ್ಲಿ 294 ಗೆರೆ, ಸೆಕೆಂಡಿಗೆ 50 ಸಲ. ನಮ್ಮ ದೂರದರ್ಶನವೂ ಈ 50ರ ಗುಂಪಿನದೇ. ಫೋನಿನ ಕ್ಯಾಲ್ಕುಲೇಟರ್ ತೆಗೆದು ಗುಣಿಸಿ ನೋಡಿ: 245 × 60 × 3. ಆಮೇಲೆ 294 × 50 × 3. ಎರಡಕ್ಕೂ 44,100 ಬರುತ್ತದೆ. ಎರಡೂ ಕಡೆಯ ಯಂತ್ರಕ್ಕೆ ಹೊಂದುವ ಅಂಕಿ ಎಂದು ಅದು ಉಳಿಯಿತು. ಸೋನಿ ಮತ್ತು ಹಾಲೆಂಡಿನ ಫಿಲಿಪ್ಸ್ ಸೇರಿ ಸಿಡಿ ರೂಪಿಸಿದಾಗ ಅದನ್ನೇ ಇಟ್ಟುಕೊಂಡರು. 1982ರ ಅಕ್ಟೋಬರಿನಲ್ಲಿ ಸಿಡಿ ಮಾರುಕಟ್ಟೆಗೆ ಬಂತು.

ಅತ್ತ ಸಿನಿಮಾ, ಟಿವಿಯವರಿಗೆ 44,100 ಹಿಡಿಸಲಿಲ್ಲ. ಸಿನಿಮಾದಲ್ಲಿ ಸೆಕೆಂಡಿಗೆ 24 ಚಿತ್ರ. 44,100ನ್ನು 24ರಿಂದ ಭಾಗಿಸಿದರೆ ಅರ್ಧ ಉಳಿಯುತ್ತದೆ. 48,000 ಆದರೆ ಒಂದು ಚಿತ್ರಕ್ಕೆ ಸರಿಯಾಗಿ 2,000. ಹಾಗಾಗಿ ಅವರ ಲೆಕ್ಕ 48,000. ಒಂದೂರಿನಲ್ಲಿ ಎರಡು ಬಗೆಯ ಸೇರು ಇದ್ದ ಹಾಗಾಯಿತು.

ಕಂಪ್ಯೂಟರಿಗೆ ಇದ್ಯಾವುದರ ಗೊಡವೆಯೂ ಇರಲಿಲ್ಲ. 1981ರ ಐಬಿಎಂ ಪಿಸಿಗೆ ಬರುತ್ತಿದ್ದುದು ‘ಬೀಪ್’ ಒಂದೇ. 1989ರಲ್ಲಿ ಸಿಂಗಾಪುರದ ಕ್ರಿಯೇಟಿವ್ ಕಂಪನಿ ಸೌಂಡ್ ಬ್ಲಾಸ್ಟರ್ ಕಾರ್ಡ್ ತಂದಿತು. ಅದು 8 ಬಿಟ್, ಒಂದೇ ಕಿವಿ. 16 ಬಿಟ್, 44,100, ಎರಡು ಕಿವಿ ಎಲ್ಲ ಸೇರಿ ಬಂದದ್ದು 1992ರ ಸೌಂಡ್ ಬ್ಲಾಸ್ಟರ್ 16ರಲ್ಲಿ. ಆ ಕಾಲದಲ್ಲಿ ಸೆಟ್ಟಿಂಗ್ ಅಂದರೆ ಗುಣಮಟ್ಟದ ಮಾತಲ್ಲ, ಸದ್ದು ಹೊರಡಿಸುವುದೇ ದೊಡ್ಡ ಕೆಲಸ. ಕಾರ್ಡಿನ ವಿಳಾಸ 220, ಇಂಟರಪ್ಟ್ 5 ಅಥವಾ 7 ಎಂದು ಡಾಸ್‌ನಲ್ಲಿ ಕೈಯಾರೆ ಬರೆಯಬೇಕಿತ್ತು. ಒಂದಂಕಿ ತಪ್ಪಿದರೆ ಆಟ ಮೂಕ.

ಎರಡು ಸೇರಿನ ಜಗಳ ಕಂಪ್ಯೂಟರಿನೊಳಗೆ ಬಂದದ್ದು 1997ರ ನಂತರ. ಇಂಟೆಲ್ ಕಂಪನಿ ಎಸಿ’97 ಎಂಬ ಮಾನಕ ತಂದಿತು. ಬೇರೆ ಸೌಂಡ್ ಕಾರ್ಡ್ ಬೇಡ, ಮದರ್‌ಬೋರ್ಡ್ ಮೇಲೆಯೇ ಒಂದು ಅಗ್ಗದ ಚಿಪ್ ಸಾಕು. ಕಡಿಮೆ ಬೆಲೆಯ ಕಂಪ್ಯೂಟರಿನಲ್ಲೂ ಹಾಡು ಬಂದದ್ದು ಇದರಿಂದಲೇ, ಅದನ್ನು ಮರೆಯಬಾರದು. ಆದರೆ ಅದರ ಮೂಲ ಲೆಕ್ಕ 48,000. ಎಷ್ಟೋ ಚಿಪ್‌ಗಳಿಗೆ ಬೇರೆ ಲೆಕ್ಕ ಬರುತ್ತಲೇ ಇರಲಿಲ್ಲ. ಜನ ಕೇಳುತ್ತಿದ್ದುದೋ ಸಿಡಿಯಿಂದ ಇಳಿಸಿದ ಎಂಪಿ3, ಅಂದರೆ 44,100. ಪ್ರತಿ 147 ಅಳತೆಯನ್ನು 160 ಅಳತೆಯಾಗಿ ಬದಲಿಸಬೇಕು. ನಡುವಿನ ಅಳತೆಗಳನ್ನು ಲೆಕ್ಕ ಹಾಕಿ ಊಹಿಸಬೇಕು. ಊಹೆ ಒರಟಾದರೆ ಹಾಡಿನಲ್ಲಿ ಇಲ್ಲದ ಕೀರಲು ಸದ್ದು ಸೇರುತ್ತದೆ.

ವಿಂಡೋಸ್ 98ರಿಂದ ಎಕ್ಸ್‌ಪಿ ತನಕ ಈ ಕೆಲಸ ‘ಕೆ-ಮಿಕ್ಸರ್’ ಎಂಬ ಭಾಗದ್ದು. ಎಲ್ಲ ಪ್ರೋಗ್ರಾಮುಗಳ ಸದ್ದನ್ನು ಬೆರೆಸಿ ಒಂದೇ ಲೆಕ್ಕಕ್ಕೆ ತರುವುದು ಅದರ ಕೆಲಸ. ಎಕ್ಸ್‌ಪಿಯಲ್ಲಿ ಈ ಪರಿವರ್ತನೆಯ ಗುಣಮಟ್ಟಕ್ಕೆ ‘ಗುಡ್’ನಿಂದ ‘ಬೆಸ್ಟ್’ ತನಕ ಸರಿಸುವ ಒಂದು ಪಟ್ಟಿ ಇತ್ತು, ಆಳದಲ್ಲಿ, ಯಾರೂ ತೆರೆಯದ ಜಾಗದಲ್ಲಿ. ಸಂಗೀತದ ಹುಚ್ಚಿನವರು ಮಿಕ್ಸರನ್ನೇ ಬಿಟ್ಟು ನೇರ ಕಾರ್ಡಿಗೆ ಕಳಿಸುವ ದಾರಿ ಹುಡುಕಿದರು. ಸ್ಟುಡಿಯೋಗಳಿಗಾಗಿ ಜರ್ಮನಿಯ ಸ್ಟೈನ್‌ಬರ್ಗ್ ಕಂಪನಿ ಮಾಡಿದ್ದ ಆಸಿಯೋ ಅಂಥ ಒಂದು ದಾರಿ. 2007ರಲ್ಲಿ ವಿಸ್ತಾ ಬಂದಾಗ ಮೈಕ್ರೋಸಾಫ್ಟ್ ಧ್ವನಿಯ ಭಾಗವನ್ನು ಹೊಸದಾಗಿ ಕಟ್ಟಿತು. ನಾವು ಈಗ ನೋಡುವ ಆ ಅಂಕಿಗಳ ಪಟ್ಟಿಯೂ, ಒಂದು ಪ್ರೋಗ್ರಾಮಿಗೆ ಕಾರ್ಡನ್ನು ಪೂರ್ತಿ ಬಿಟ್ಟುಕೊಡುವ ಟಿಕ್ ಗುರುತೂ ಆಗಿನವು.

ಇಷ್ಟೆಲ್ಲ ತಿಳಿಯುವ ಮೊದಲೇ ನಾನು ಮಾಡಿಕೊಂಡ ನಷ್ಟವೊಂದಿದೆ. ನಮ್ಮಜ್ಜಿ ಸೋಬಾನೆ ಪದ ಹೇಳುತ್ತಿದ್ದರು. ಚಿಕ್ಕಮ್ಮನ ಮದುವೆಯಲ್ಲಿ ಹೇಳಿದ್ದು ಕ್ಯಾಸೆಟ್ಟಿನಲ್ಲಿತ್ತು. ಡಿಪ್ಲೊಮಾ ಓದುವಾಗ ಅದನ್ನು ಕಂಪ್ಯೂಟರಿಗೆ ಇಳಿಸಲು ಹೊರಟೆ. ಸಿಪಿಯು ಹಿಂದೆ ಮೂರು ಬಣ್ಣದ ತೂತು: ಗುಲಾಬಿ ಮೈಕಿಗೆ, ತಿಳಿನೀಲಿ ಟೇಪ್ ರೆಕಾರ್ಡರಿನಂಥವಕ್ಕೆ, ಹಸಿರು ಸ್ಪೀಕರಿಗೆ. ನಾನು ವೈರನ್ನು ಗುಲಾಬಿಗೆ ಹಾಕಿದೆ. ‘ಮೈಕ್ ಬೂಸ್ಟ್’ಗೆ ಟಿಕ್ ಇತ್ತು, ಅದು 20 ಡೆಸಿಬಲ್, ಅಂದರೆ ಅಲೆಯ ಎತ್ತರ ಹತ್ತು ಪಟ್ಟು. ಅಳತೆಗೋಲು ಮುಗಿದ ಮೇಲೂ ನೀರು ಏರಿದರೆ ಬರೆಯಲು ಗೆರೆ ಎಲ್ಲಿದೆ? ಅಜ್ಜಿ ದನಿ ಎತ್ತಿದಲ್ಲೆಲ್ಲ ಅಲೆಯ ನೆತ್ತಿ ಕತ್ತರಿಸಿಹೋಗಿ ಪರಪರ ಸದ್ದು. ಮತ್ತೆ ಇಳಿಸೋಣ ಎಂದು ಹಾಕಿದರೆ, ಬೂಷ್ಟು ಹಿಡಿದಿದ್ದ ರೀಲು ಸುತ್ತಿಕೊಂಡು ತುಂಡಾಯಿತು. ಅಜ್ಜಿ ಅಷ್ಟರಲ್ಲಿ ಇರಲಿಲ್ಲ.

ಆ ಫೈಲನ್ನು ಸರಿ ಮಾಡುತ್ತೇನೆಂದು ವಿನ್ಆಂಪ್‌ನ ಈಕ್ವಲೈಜರಿನ ಹತ್ತು ಪಟ್ಟಿಗಳನ್ನು ವಾರಗಟ್ಟಲೆ ಮೇಲೆ ಕೆಳಗೆ ಮಾಡಿದೆ. 1997ರಲ್ಲಿ ಬಂದ ಆ ಪ್ಲೇಯರಿನಿಂದಲೇ ನಮ್ಮಲ್ಲಿ ಬಹಳ ಮಂದಿ ‘ಸೌಂಡ್ ಸೆಟ್ಟಿಂಗ್’ ಕಲಿತದ್ದು. ಪಟ್ಟಿಗಳನ್ನೆಲ್ಲ ಮೇಲೆತ್ತಿದರೆ ಮತ್ತಷ್ಟು ನೆತ್ತಿ ಕತ್ತರಿಸುತ್ತದೆ ಎಂದು ಆಗ ಯಾರೂ ಹೇಳಲಿಲ್ಲ. ಬೇಕಾದ ಸ್ವರ ಎತ್ತುವ ಬದಲು ಬೇಡದ್ದನ್ನು ಇಳಿಸಬೇಕು. ಕತ್ತರಿಸಿಹೋದ ಅಳತೆಯನ್ನಂತೂ ಯಾವ ಪಟ್ಟಿಯೂ ತಂದುಕೊಡುವುದಿಲ್ಲ. ಅಜ್ಜಿ ಪದ ನಿಲ್ಲಿಸಿ ಮೆಲ್ಲಗೆ ನೀರು ಕೇಳುವ ಜಾಗ ಒಂದೇ ಅದರಲ್ಲಿ ಸ್ವಚ್ಛವಾಗಿದೆ.

ಈಗಿನ ಕಂಪ್ಯೂಟರುಗಳಲ್ಲಿ 147–160ರ ಪರಿವರ್ತನೆ ಸಾಕಷ್ಟು ನಯವಾಗಿಯೇ ಆಗುತ್ತದೆ. ಆ ವ್ಯತ್ಯಾಸ ಕೇಳುತ್ತದೆ ಎಂದು ಜಗಳವಾಡುವವರನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಮೆಮೊರಿ ಕಾರ್ಡಿಗೆ ಹೆಚ್ಚು ಹಾಡು ಹಿಡಿಸಲೆಂದು 64 ಕೆಬಿಗೆ ಹಿಂಡಿದ ಎಂಪಿ3 ಮಾಡುವ ಹಾನಿಯ ಮುಂದೆ ಅದು ಏನೇನೂ ಅಲ್ಲ. ನನ್ನ ಕಂಪ್ಯೂಟರಿನಲ್ಲಿ ಹಾಡಿಗೆ 24 ಬಿಟ್ 44,100, ವಿಡಿಯೋ ಎಡಿಟಿಂಗ್ ಇದ್ದ ದಿನ 48,000 ಇಡುತ್ತೇನೆ. ‘ಎನ್‌ಹ್ಯಾನ್ಸ್‌ಮೆಂಟ್’ ಎಲ್ಲ ಬಂದ್. ಫೋನಿನಲ್ಲಿ ಈ ಪಟ್ಟಿ ಸಾಮಾನ್ಯವಾಗಿ ಕಾಣುವುದಿಲ್ಲ, ಬಹಳಷ್ಟು ಫೋನುಗಳು ತಾವಾಗಿಯೇ 48,000ಕ್ಕೆ ಬದಲಿಸಿಕೊಳ್ಳುತ್ತವೆ. ಈಕ್ವಲೈಜರ್ ಮಾತ್ರ ಕೈಗೆ ಸಿಗುತ್ತದೆ. ಮನೆಯಲ್ಲಿ ಹಳೆ ಕ್ಯಾಸೆಟ್ ಇದ್ದರೆ ನೀಲಿ ತೂತಿಗೆ ಹಾಕಿ, ಮೊದಲು ಒಂದೇ ನಿಮಿಷ ಇಳಿಸಿ ಕೇಳಿ ನೋಡಿ, ಮಟ್ಟ ಕೆಂಪಿಗೆ ಹೋಗದಂತೆ ತಗ್ಗಿಸಿಕೊಂಡು ಆಮೇಲೆ ಪೂರ್ತಿ ಇಳಿಸಿ.