ಘಟ್ಟ ಹತ್ತಿದ ಡಬಲ್ ಗ್ಲಾಸ್ ಕಿಟಕಿ ಉಬ್ಬುವುದೇಕೆ?

ಕುವೈತ್: 2016ರ ಜುಲೈ 21ರಂದು ಇಲ್ಲಿನ ಮಿತ್ರಿಬಾದಲ್ಲಿ 53.9 ಡಿಗ್ರಿ ಸೆಲ್ಸಿಯಸ್ ತಾಪಮಾನ ದಾಖಲಾಗಿತ್ತು. ಇಂಥ ದೇಶದಲ್ಲಿ ದುಡಿಯುವ ನಮಗೆ ಡಬಲ್ ಗ್ಲಾಸ್ ಕಿಟಕಿಯ ಬೆಲೆ ಯಾರೂ ಹೇಳಿಕೊಡಬೇಕಿಲ್ಲ. ಊರಲ್ಲಿ ಮನೆ ಕಟ್ಟಿಸುವಾಗ "ನಮಗೂ ಅಂಥದ್ದೇ ಇರಲಿ, ಗ್ಯಾಸ್ ತುಂಬಿದ್ದು" ಅಂತ ಫೋನಿನಲ್ಲೇ ಆರ್ಡರ್ ಕೊಡುವವರೂ ಇದ್ದಾರೆ. ಮನೆ ಮಡಿಕೇರಿಯಲ್ಲೋ ಚಿಕ್ಕಮಗಳೂರಿನಲ್ಲೋ ಆದರೆ ಮೊದಲು ಒಂದು ಮಾತು ಕೇಳಿ: ಆ ಗಾಜನ್ನು ಸೀಲ್ ಮಾಡುವುದು ಯಾವ ಊರಲ್ಲಿ?

ಎರಡು ಗಾಜುಗಳ ನಡುವೆ ತುಂಬುವ ಗ್ಯಾಸ್ ಸಾಮಾನ್ಯವಾಗಿ ಆರ್ಗಾನ್. ಹೆದರಬೇಕಿಲ್ಲ, ನಾವು ಉಸಿರಾಡುವ ಗಾಳಿಯಲ್ಲೇ ಅದು ಶೇ. 0.93ರಷ್ಟಿದೆ. ಗಾಳಿಗಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆ ಶಾಖ ದಾಟಿಸುತ್ತದೆ. ತೊಂದರೆ ಇರುವುದು ಒತ್ತಡದಲ್ಲಿ. ಸೀಲ್ ಮಾಡಿದ ಊರಿನ ಒತ್ತಡ ಒಳಗೇ ಉಳಿದುಬಿಡುತ್ತದೆ. ಸಮುದ್ರಮಟ್ಟದಲ್ಲಿ ಸೀಲಾದ ಗಾಜು ಸುಮಾರು 1,150 ಮೀಟರ್ ಎತ್ತರದ ಮಡಿಕೇರಿಗೆ ಹೋದರೆ ಹೊರಗಿನ ಒತ್ತಡ ಶೇ. 13ರಷ್ಟು ಕಡಿಮೆ. 3,500 ಮೀಟರ್ ಎತ್ತರದ ಲೇಹ್‌ನಲ್ಲಾದರೆ ಮೂರನೇ ಒಂದು ಭಾಗವೇ ಇರುವುದಿಲ್ಲ. ರಜೆಗೆ ಹೋಗುವಾಗ ವಿಮಾನದಲ್ಲಿ ಚಿಪ್ಸ್ ಪ್ಯಾಕೆಟ್ ಉಬ್ಬುವುದನ್ನು ನೋಡಿದ್ದೀರಲ್ಲ, ಅದೇ ಕಥೆ.

ದೊಡ್ಡ ಗಾಜು ಸ್ವಲ್ಪ ಬಾಗಿ ಒತ್ತಡ ಕಳೆದುಕೊಳ್ಳುತ್ತದೆ. ಬಾತ್‌ರೂಮಿನ ಸಣ್ಣ, ಕಿರಿದಾದ ಗಾಜಿಗೆ ಬಾಗಲು ಆಗುವುದಿಲ್ಲ. ಹಾಗಾಗಿ ಒಡೆಯುವ, ಸೀಲ್ ಬಿಡುವ ಭಯ ಅದಕ್ಕೇ ಹೆಚ್ಚು. ಸೀಲ್ ಬಿಟ್ಟರೆ ಗ್ಯಾಸ್ ಹೋಯಿತು, ಕೊಡಗಿನ ಮಳೆಗಾಲದ ತೇವ ಒಳಗೆ ಬಂತು. ಆ ಮಂಜು ಗಾಜಿನ ನಡುವೆ ಕೂರುತ್ತದೆ, ಒರೆಸಿದರೆ ಹೋಗುವುದಿಲ್ಲ. ಗಾಜನ್ನೇ ಬದಲಿಸಬೇಕು.

ಉಪಾಯ ಇದೆ. ಗಾಜುಗಳ ನಡುವಿನ ಪಟ್ಟಿಯಲ್ಲಿ ಕೂದಲೆಳೆಯಂಥ ಕ್ಯಾಪಿಲರಿ ಟ್ಯೂಬ್ ಇಟ್ಟರೆ ಒಳ-ಹೊರ ಒತ್ತಡ ಸಮವಾಗುತ್ತದೆ. ಆದರೆ ಅದೇ ದಾರಿಯಲ್ಲಿ ಆರ್ಗಾನ್ ಕೂಡ ಮೆಲ್ಲಗೆ ಹೊರಟುಹೋಗುತ್ತದೆ! ಹಾಗಾಗಿ ತೆರೆದ ಟ್ಯೂಬೂ ಬೇಕು, ಆರ್ಗಾನೂ ಬೇಕು ಅಂತ ಎರಡಕ್ಕೂ ದುಡ್ಡು ಕೊಡುವುದು ದಂಡ. ಟ್ಯೂಬ್ ಇದ್ದರೆ ಬರೀ ಗಾಳಿ ಸಾಕು. ಆರ್ಗಾನೇ ಬೇಕಿದ್ದರೆ ಹೆಚ್ಚುಕಡಿಮೆ ಅಷ್ಟೇ ಎತ್ತರದಲ್ಲಿ ಸೀಲ್ ಮಾಡಿಸಿ. ಬೆಂಗಳೂರು ಸುಮಾರು 920 ಮೀಟರ್ ಎತ್ತರದಲ್ಲಿದೆ. ಅಲ್ಲಿ ಸೀಲಾದದ್ದಕ್ಕೆ ಮಡಿಕೇರಿ ದೊಡ್ಡ ಏರಲ್ಲ. ಅದೇ ಗಾಜು ಮಂಗಳೂರಿಗೆ ಇಳಿದರೆ ಒಳಕ್ಕೆ ತಗ್ಗುತ್ತದೆ, ಕರಾವಳಿಯವರು ಇದನ್ನು ನೆನಪಿಡಿ.

ನಮ್ಮ ಮಲೆನಾಡಿನ ಚಳಿಗೆ ಆರ್ಗಾನ್ ಬೇಕೇ ಬೇಕು ಅಂತ ನನಗನ್ನಿಸುವುದಿಲ್ಲ. ಲೋ-ಇ ಲೇಪನದ ಗಾಜು, ಸಂದು ಬಿಡದ ಚೌಕಟ್ಟು ಇವೇ ಹೆಚ್ಚು ಕೆಲಸ ಮಾಡುತ್ತವೆ. ಏನೇ ಕೊಳ್ಳಿ, ಅಡ್ವಾನ್ಸ್ ಕಳಿಸುವ ಮುಂಚೆ ಸೀಲ್ ಮಾಡುವ ಊರು, ಕೂರಿಸುವ ಊರು, ಎರಡರ ಎತ್ತರವನ್ನೂ ವಾರಂಟಿ ಕಾಗದದಲ್ಲಿ ಬರೆಸಿಕೊಳ್ಳಿ. ಮೇಸ್ತ್ರಿಯ ಬಾಯಿಮಾತು ಇಲ್ಲಿ ನಡೆಯುವುದಿಲ್ಲ.