ಹೇರಿನ ದಾರಿಯೂ ಹೊಣೆಯ ಧರ್ಮವೂ

ಘಟಪ್ರಭೆಯ ದಂಡೆಯ ಮೇಲಿರುವ ಅನಗವಾಡಿಯ ಸೇತುವೆಯನ್ನು ದಾಟಿ ವಿಜಯಪುರ-ಹುಬ್ಬಳ್ಳಿ ಹೆದ್ದಾರಿಯಲ್ಲಿ ಹಗಲಿರುಳೂ ಲಾರಿಗಳು ಸಾಗುತ್ತಿರುತ್ತವೆ. ಲಕ್ಷಾಂತರ ರೂಪಾಯಿಯ ಸರಕನ್ನು ಹೇರಿಕೊಂಡ ಚಾಲಕನು ರಸ್ತೆಯ ಬದಿಯಲ್ಲಿ ಲಾರಿ ನಿಲ್ಲಿಸಿ ನಿದ್ರಿಸುವುದೂ ಉಂಟು. ಸಾವಿರ ವರ್ಷಗಳ ಹಿಂದೆ ಇದೇ ಸೀಮೆಯಲ್ಲಿ ಹೇರೆತ್ತು, ಕೋಣ, ಕತ್ತೆಗಳ ಮೇಲೆ ಸರಕು ಸಾಗುತ್ತಿದ್ದಾಗ ಅದರ ಒಡೆಯನು ಯಾರನ್ನು ನಂಬಿ ಕಣ್ಣು ಮುಚ್ಚುತ್ತಿದ್ದನು? ಸರಕು ಕಳವಾದರೆ ಯಾರನ್ನು ಕೇಳುತ್ತಿದ್ದನು? ಇತಿಹಾಸದ ಪುಟಗಳಲ್ಲಿ ಈ ಪ್ರಶ್ನೆಗೆ ದೇಶದಿಂದ ದೇಶಕ್ಕೆ, ಕಾಲದಿಂದ ಕಾಲಕ್ಕೆ ಬೇರೆ ಬೇರೆ ಉತ್ತರಗಳು ದೊರೆಯುತ್ತವೆ. ಅವುಗಳನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ನಮ್ಮ ನಾಡಿನ ವರ್ತಕರನ್ನು ನೆನೆದರೆ ಮೊದಲು ನೆನಪಾಗುವುದು ಐಹೊಳೆ. ಅನಗವಾಡಿಯಿಂದ ಎತ್ತಿನ ನಡಿಗೆಯಲ್ಲಿ ಕೆಲವೇ ದಿನಗಳ ದಾರಿಯಲ್ಲಿರುವ ಈ ಊರಿನ ಹೆಸರನ್ನು ಹೊತ್ತ ‘ಅಯ್ಯಾವೊಳೆ ಐನೂರ್ವರು’ ಎಂಬ ವರ್ತಕ ಸಂಘವು ದಕ್ಷಿಣ ಭಾರತವನ್ನೆಲ್ಲ ವ್ಯಾಪಿಸಿತ್ತು. ಸುಮಾತ್ರಾ ದ್ವೀಪದ ಬರೂಸ್ ಸಮೀಪದಲ್ಲಿ ದೊರೆತ, 1088ನೆಯ ಇಸವಿಯ ತಮಿಳು ಶಾಸನವೊಂದರಲ್ಲಿಯೂ ಅವರ ಹೆಸರಿದೆ. ತಮ್ಮನ್ನು ‘ವೀರಬಣಂಜುಧರ್ಮ’ದ ಪ್ರತಿಪಾಲಕರೆಂದು ಅವರು ಶಾಸನಗಳಲ್ಲಿ ವರ್ಣಿಸಿಕೊಂಡರು. ವ್ಯಾಪಾರದ ಧರ್ಮಕ್ಕೆ ‘ವೀರ’ ಎಂಬ ವಿಶೇಷಣವೇಕೆಂದು ಕೇಳಬಹುದು. ಅಂದು ತಕ್ಕಡಿ ಹಿಡಿದವನು ಕತ್ತಿಯನ್ನೂ ಹಿಡಿಯಬೇಕಾಗಿತ್ತು, ಇಲ್ಲವೇ ಹಿಡಿಯುವವರನ್ನು ಜೊತೆಗೆ ಕರೆದೊಯ್ಯಬೇಕಾಗಿತ್ತು. ತಮ್ಮ ಹೇರನ್ನು ಕಾಯ್ದ ವೀರರ ಗೌರವಾರ್ಥವಾಗಿ ಈ ವರ್ತಕರು ಕೆಲವು ಊರುಗಳನ್ನೇ ‘ಎರಿವೀರಪಟ್ಟಣ’ಗಳೆಂದು ಘೋಷಿಸಿದ ಸಂಗತಿ ತಮಿಳು ಶಾಸನಗಳಿಂದ ತಿಳಿಯುತ್ತದೆ.

ಆದರೆ ಆಯುಧದಿಂದ ಕಾಯ್ದದ್ದು ಹೇರನ್ನು ಮಾತ್ರ. ದಾರಿಯನ್ನು ಕಾಯ್ದದ್ದು ಬೇರೊಂದು ವ್ಯವಸ್ಥೆ. ಅದನ್ನು ತಿಳಿಯಲು ನಾವು ಕಲ್ಯಾಣಕ್ಕೆ ಹೋಗಬೇಕು. ಆರನೆಯ ವಿಕ್ರಮಾದಿತ್ಯನ ಆಳಿಕೆಯಲ್ಲಿ (1076-1126) ವಿಜ್ಞಾನೇಶ್ವರನು ಅಲ್ಲಿದ್ದುಕೊಂಡು ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನವನ್ನು ರಚಿಸಿದನು. ಆಸ್ತಿ ಹಂಚಿಕೆಯ ವಿಷಯದಲ್ಲಿ ನ್ಯಾಯಾಲಯಗಳು ಇಂದಿಗೂ ಹೆಸರಿಸುವ ಗ್ರಂಥವದು. ಆತನು ವ್ಯಾಖ್ಯಾನಿಸಿದ ಆ ಸ್ಮೃತಿಯಲ್ಲಿ ದಾರಿಗಳ್ಳತನದ ವಿಚಾರವೂ ಇದೆ. ಊರೊಳಗೆ ಕಳವಾಗಿ, ಕಳ್ಳನ ಹೆಜ್ಜೆ ಊರ ಹೊರಗೆ ಹೋದುದು ಕಾಣದಿದ್ದರೆ ದೋಷ ಊರಿನ ಒಡೆಯನದು. ಹುಲ್ಲುಗಾವಲಿನಲ್ಲಿ ಕಳವಾದರೆ ಅದರ ಒಡೆಯನದು. ಬೇರೆ ದಾರಿಯಲ್ಲಾದರೆ ಕಳ್ಳರನ್ನು ಹಿಡಿಯಲು ನೇಮಿಸಲ್ಪಟ್ಟ ಅಧಿಕಾರಿಯದು. ತನ್ನ ಎಲ್ಲೆಯೊಳಗಿನ ಕಳವನ್ನು ಊರೇ ತುಂಬಿಕೊಡಬೇಕು, ಅಥವಾ ಹೆಜ್ಜೆ ಯಾವ ಊರನ್ನು ಹೊಕ್ಕಿದೆಯೋ ಆ ಊರು ಕೊಡಬೇಕು. ಊರಿಂದ ಒಂದು ಕ್ರೋಶದಾಚೆ ನಡೆದಿದ್ದರೆ ಸುತ್ತಣ ಐದು ಊರುಗಳೋ ಹತ್ತು ಊರುಗಳೋ ಕೂಡಿ ಕೊಡಬೇಕು. ಕಳವಾದ ದ್ರವ್ಯವನ್ನು ಪ್ರಜೆಗೆ ಕೊಡದ ಅರಸನು ಪಾಪಭಾಗಿಯಾಗುತ್ತಾನೆಂದೂ ಅದೇ ಸ್ಮೃತಿ ವಿಧಿಸುತ್ತದೆ.

ಇದಕ್ಕಿಂತ ಹಿಂದಿನ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿಯೂ ಇದೇ ನ್ಯಾಯವಿದೆ. ಅಲ್ಲಿ ಇನ್ನೊಂದು ಸೂಕ್ಷ್ಮವನ್ನು ಕಾಣುತ್ತೇವೆ. ಸಾರ್ಥದ ವರ್ತಕರು ತಮ್ಮ ಸರಕಿನ ಬೆಲೆಯನ್ನು ಮೊದಲು ತಿಳಿಸಿ ಆಮೇಲೆ ಊರಲ್ಲಿ ತಂಗಬೇಕು. ಹೊಣೆ ಹೊರುವವನಿಗೆ ತಾನು ಹೊರುವುದು ಎಷ್ಟೆಂಬುದು ತಿಳಿದಿರಬೇಕಷ್ಟೆ.

ವಾಚಕರು ಈ ನ್ಯಾಯದ ಮರ್ಮವನ್ನು ಗಮನಿಸಬೇಕು. ಕಳ್ಳನು ಸಿಕ್ಕಲಿ ಬಿಡಲಿ, ನಷ್ಟಕ್ಕೆ ಉತ್ತರ ಹೇಳುವವನೊಬ್ಬನು ಇದ್ದೇ ಇದ್ದನು. ಪರದೇಶಿ ವರ್ತಕನ ಸರಕು ಊರಿನವರಿಗೆ ಸಂಬಂಧವಿಲ್ಲದ ವಸ್ತುವಾಗಿ ಉಳಿಯಲಿಲ್ಲ. ಅದು ಕಳೆದರೆ ತಮ್ಮ ಕಣಜವೇ ಬರಿದಾಗುವುದೆಂದು ಅವರು ಬಲ್ಲರು. ಊರ ತಳವಾರನು ರಾತ್ರಿ ಹೆಜ್ಜೆ ನೋಡಿದ್ದು, ವರ್ತಕನು ಸುಂಕದ ಕಟ್ಟೆಯಲ್ಲಿ ಹಣ ತೆತ್ತದ್ದು, ಎರಡೂ ಈ ಒಂದೇ ಒಪ್ಪಂದದ ಎರಡು ಮುಖಗಳು. ಹನ್ನೆರಡನೆಯ ಶತಮಾನದ ಶರಣರ ಸಮೂಹದಲ್ಲಿ ಸುಂಕದ ಬಂಕಣ್ಣನೂ ಇದ್ದನು, ತಳವಾರ ಕಾಮಿದೇವಯ್ಯನೂ ಇದ್ದನು. ಸುಂಕ ಎತ್ತುವುದೂ ಊರು ಕಾಯುವುದೂ ಪ್ರಾಮಾಣಿಕವಾಗಿ ನಡೆದರೆ ಕಾಯಕವೆಂದು ಆ ಸಮೂಹವು ಒಪ್ಪಿಕೊಂಡಿತ್ತು.

ಬೇರೆ ದೇಶಗಳು ಏನು ಮಾಡಿದವು? ಇಂಗ್ಲೆಂಡಿನ ಅರಸನಾದ ಒಂದನೆಯ ಎಡ್ವರ್ಡನು 1285ರಲ್ಲಿ ವಿಂಚೆಸ್ಟರ್ ಶಾಸನವನ್ನು ಹೊರಡಿಸಿದನು. ಸಂತೆಯೂರಿನಿಂದ ಸಂತೆಯೂರಿಗೆ ಹೋಗುವ ಹೆದ್ದಾರಿಯ ಎರಡೂ ಬದಿಗೆ 200 ಅಡಿಗಳವರೆಗೆ ಕಳ್ಳರು ಅಡಗುವ ಪೊದೆಗಳನ್ನು ಕಡಿಯಬೇಕು. ದರೋಡೆಯಾಗಿ ಕಳ್ಳರನ್ನು ಹಿಡಿದುಕೊಡದಿದ್ದರೆ ‘ಹಂಡ್ರೆಡ್’ ಎಂಬ ಊರುಗಳ ಕೂಟವೇ ನಷ್ಟ ಕಟ್ಟಿಕೊಡಬೇಕು. ನಮ್ಮ ಪಂಚಗ್ರಾಮಿ, ದಶಗ್ರಾಮಿಗಳ ನ್ಯಾಯಕ್ಕೂ ಇದಕ್ಕೂ ಇರುವ ಹೋಲಿಕೆ ಆಶ್ಚರ್ಯಕರವಾಗಿದೆ. ತುರ್ಕಿ ದೇಶದ ಸೆಲ್ಜೂಕ್ ಸುಲ್ತಾನರ ದಾರಿ ಬೇರೆ. ಅವರು ವರ್ತಕರ ದಾರಿಗಳುದ್ದಕ್ಕೂ ಕೋಟೆಯಂತಹ ಛತ್ರಗಳನ್ನು ಕಟ್ಟಿಸಿದರು. ಅಕ್ಸರಾಯ್ ಸಮೀಪ 1229ರಲ್ಲಿ ಕಟ್ಟಿದ ಸುಲ್ತಾನ್ ಹಾನ್ ಇಂದಿಗೂ ನಿಂತಿದೆ. ಎತ್ತರದ ಗೋಡೆಗಳು, ಒಂದೇ ಹೆಬ್ಬಾಗಿಲು; ಸಂಜೆ ಬಾಗಿಲು ಮುಚ್ಚಿದರೆ ಒಂಟೆಗಳೂ ವರ್ತಕರೂ ಒಳಗೆ ಕ್ಷೇಮ. ಹೀಗೆ ಒಂದು ದೇಶ ಗೋಡೆಯನ್ನು ನಂಬಿತು, ಇನ್ನೊಂದು ನೆರೆಹೊರೆಯವರ ಹೊಣೆಯನ್ನು ನಂಬಿತು.

ಹೊಣೆಯ ನ್ಯಾಯವು ಬರಿಯ ಗ್ರಂಥದ ಮಾತಾಗಿತ್ತೇ ಎಂದು ಸಂಶಯಿಸುವವರಿಗೆ ವಿಜಯನಗರದ ಸಾಕ್ಷ್ಯವಿದೆ. 1535ರ ಸುಮಾರಿಗೆ ಬರೆದ ಪೋರ್ತುಗೀಜ ಕುದುರೆ ವ್ಯಾಪಾರಿ ನೂನಿಜನು ಹೀಗೆ ತಿಳಿಸುತ್ತಾನೆ: ದಾರಿಯಲ್ಲಿ ದರೋಡೆಯಾಯಿತೆಂದು ಯಾರಾದರೂ ಅರಸನಲ್ಲಿ ದೂರಿದರೆ ಅರಸನು ಆ ಸೀಮೆಯ ನಾಯಕನನ್ನು ಕರೆಸುತ್ತಾನೆ, ಕಳ್ಳನನ್ನು ಹಿಡಿಯದಿದ್ದರೆ ನಾಯಕನನ್ನೇ ಬಂಧಿಸಿ ಅವನ ಆಸ್ತಿಯನ್ನು ವಶಪಡಿಸಿಕೊಳ್ಳಬಹುದು. ರಾಜಧಾನಿಯ ಕಳವಿಗೆ ಅಲ್ಲಿನ ಮುಖ್ಯ ತಳವಾರನು ಲೆಕ್ಕ ಹೇಳಬೇಕಾದುದರಿಂದ ಅಲ್ಲಿ ಕಳವು ತೀರ ಕಡಿಮೆ ಎಂದೂ ಅವನು ಬರೆದಿದ್ದಾನೆ.

1565ರ ಜನವರಿಯಲ್ಲಿ ರಕ್ಕಸಗಿ-ತಂಗಡಗಿಯ ಯುದ್ಧವಾಯಿತು. ಎರಡು ವರ್ಷಗಳ ಬಳಿಕ, 1567ರಲ್ಲಿ, ವೆನಿಸ್ಸಿನ ವರ್ತಕ ಸೀಸರ್ ಫ್ರೆಡರಿಕನು ವಿಜಯನಗರಕ್ಕೆ ಬಂದನು. ಅವನ ಕೆಲಸಕ್ಕೆ ಒಂದು ತಿಂಗಳು ಸಾಕಾಗಿತ್ತು. ಆದರೂ ಅವನು ಅಲ್ಲಿ ಏಳು ತಿಂಗಳು ಉಳಿಯಬೇಕಾಯಿತು. ಕಾರಣ, ದಾರಿಗಳ ತುಂಬ ಕಳ್ಳರು. ನೂನಿಜನ ಬರಹಕ್ಕೂ ಇವನ ಪ್ರಯಾಣಕ್ಕೂ ನಡುವೆ ಸುಮಾರು ಮೂವತ್ತೇ ವರ್ಷ. ನಾಡು ಅದೇ, ಜನ ಅವರೇ. ಅರಸನಿಗೆ ಲೆಕ್ಕ ಒಪ್ಪಿಸಬೇಕಾದ ನಾಯಕನೂ, ಆ ಲೆಕ್ಕವನ್ನು ಕೇಳುವ ಅರಸನೂ ಅಲ್ಲಿ ಇಲ್ಲವಾಗಿದ್ದರು. ದಾರಿ ಕೆಟ್ಟದ್ದು ಜನರ ಗುಣ ಕೆಟ್ಟದ್ದರಿಂದಲ್ಲ, ಹೊಣೆಯ ಸರಪಳಿ ಕಡಿದದ್ದರಿಂದ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಕಿಲ್ಲ.

ಬ್ರಿಟಿಷರು ಬಂದ ಮೇಲೆ ರಕ್ಷಣೆಯ ಕಲ್ಪನೆಯೇ ಬದಲಾಯಿತು. 1857ರಲ್ಲಿ ಜನರ ಕೈಯ ಆಯುಧಗಳನ್ನು ಕಿತ್ತುಕೊಳ್ಳುವ ಕಾನೂನು ಬಂದಾಗ ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಒಪ್ಪಲಿಲ್ಲ. ನವೆಂಬರಿನಲ್ಲಿ ಸೈನ್ಯವು ಊರನ್ನು ಸುಟ್ಟಿತು. ಹತ್ತೊಂಬತ್ತು ಮಂದಿಯನ್ನು ಗಲ್ಲಿಗೇರಿಸಲಾಯಿತು. ಆ ಕಥೆಯನ್ನು ನಮ್ಮ ಸೀಮೆಯ ಲಾವಣಿಕಾರರು ಮರೆಯಲು ಬಿಟ್ಟಿಲ್ಲ. ಇದಕ್ಕಿಂತ ದೀರ್ಘಕಾಲದ ಅನ್ಯಾಯ ಇನ್ನೊಂದು. 1871ರಲ್ಲಿ ಉತ್ತರ ಭಾರತದಲ್ಲಿ ಜಾರಿಗೆ ಬಂದ ‘ಅಪರಾಧಿ ಬುಡಕಟ್ಟುಗಳ ಕಾಯಿದೆ’ಯನ್ನು 1911ರ ಕಾಯಿದೆಯ ಮೂಲಕ ದೇಶದ ಇತರ ಭಾಗಗಳಿಗೂ ವಿಸ್ತರಿಸಲಾಯಿತು. ವಿಜಾಪುರ, ಗದಗ, ಹುಬ್ಬಳ್ಳಿಗಳಲ್ಲಿ ತಂತಿಬೇಲಿಯ ವಸಾಹತುಗಳು ಎದ್ದವು. ಇದರ ವಿಪರ್ಯಾಸವನ್ನು ನೋಡಿರಿ. ತಲೆಮಾರುಗಳಿಂದ ಎತ್ತು, ಕತ್ತೆಗಳ ಮೇಲೆ ಉಪ್ಪನ್ನೂ ಧಾನ್ಯವನ್ನೂ ಊರೂರಿಗೆ ಹೇರಿ ತಲುಪಿಸುತ್ತಿದ್ದ ಅಲೆಮಾರಿ ಕುಲಗಳು ರೈಲು ಬಂದು ಕಸುಬು ಕಳೆದುಕೊಂಡವು. ಅಂಥವರಲ್ಲಿ ಹಲವರನ್ನು ಈ ಕಾಯಿದೆ ಹುಟ್ಟುಗಳ್ಳರೆಂದು ಬರೆದುಕೊಂಡಿತು. ದಾರಿಯನ್ನು ಬೆಳೆಸಿದವರಿಗೇ ದಾರಿಯ ಮೇಲೆ ನಡೆಯಲು ಪರವಾನಗಿ ಬೇಕಾಯಿತು. 1952ರಲ್ಲಿ ಸ್ವತಂತ್ರ ಭಾರತವು ಈ ಕಾಯಿದೆಯನ್ನು ರದ್ದುಪಡಿಸಿತು. ಕಳಂಕ ಮಾತ್ರ ಅಷ್ಟು ಬೇಗ ಅಳಿಯಲಿಲ್ಲ.

ಹಳೆಯ ನ್ಯಾಯವು ನಿರ್ದೋಷವಾಗಿತ್ತೆಂದು ಹೇಳಲಾಗದು. ಯಾರೋ ಮಾಡಿದ ಕಳವಿಗೆ ಬಡ ರೈತನೂ ದಂಡ ತೆರಬೇಕಾಗುತ್ತಿತ್ತು. ಆದರೆ ಆ ಊರಿಗೆ ಒಂದು ಎಲ್ಲೆ ಇತ್ತು. ಕಳ್ಳನ ಹೆಜ್ಜೆ ಎಲ್ಲೆ ದಾಟಿ ಹೋದುದನ್ನು ತೋರಿಸಿದರೆ ಊರು ಋಣಮುಕ್ತವಾಗುತ್ತಿತ್ತು. ಹುಟ್ಟಿಗೆ ಅಂತಹ ಎಲ್ಲೆಯಿಲ್ಲ. ಕುಲದ ಮೇಲೆ ಹೊರಿಸಿದ ಅಪರಾಧದಿಂದ ತೊಟ್ಟಿಲ ಮಗುವೂ ಪಾರಾಗಲಾರದು. ನೆಲದ ಮೇಲಿನ ಹೊಣೆ ಮನುಷ್ಯನನ್ನು ಎಚ್ಚರಿಸಿತು. ಹುಟ್ಟಿನ ಮೇಲಿನ ಹೊಣೆ ಅವನನ್ನು ಬೇಡಿಯಲ್ಲಿಟ್ಟಿತು. ಹುಟ್ಟಿನಿಂದ ಮೇಲು-ಕೀಳನ್ನು ಅಳೆಯಬಾರದೆಂದು ಸಾರಿದ ಶರಣರ ನಾಡಿನಲ್ಲಿ ಇದು ನಡೆಯಿತೆಂಬುದನ್ನು ನಾವು ನೆನಪಿನಲ್ಲಿಡಬೇಕು.

ಇಂದು ಸರಕು ಕಳೆದರೆ ವಿಮಾ ಸಂಸ್ಥೆಯು ಹಣ ಕೊಡುತ್ತದೆ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಂತೆ ಅಪರಾಧ ಯಾವ ಸರಹದ್ದಿನಲ್ಲಿ ನಡೆದಿದ್ದರೂ ಪೊಲೀಸ್ ಠಾಣೆಯು ದೂರನ್ನು ದಾಖಲಿಸಿಕೊಳ್ಳಬೇಕು. ಹೆಜ್ಜೆಯ ಹಿಂದೆ ಎಲ್ಲೆ ದಾಟಿ ಹೋಗುವ ಹಳೆಯ ನ್ಯಾಯದ ಛಾಯೆ ಇದರಲ್ಲಿದೆ. ಆದರೂ ವಿಮೆಯು ಒಡೆಯನ ನಷ್ಟವನ್ನು ತುಂಬಬಲ್ಲುದೇ ಹೊರತು ನೆರೆಯವನ ಎಚ್ಚರವನ್ನು ತುಂಬಲಾರದು. ನಮ್ಮ ಊರಿನ ಎಲ್ಲೆಯಲ್ಲಿ ನಿಂತ ಅಪರಿಚಿತನ ಬಂಡಿಯು ನಮ್ಮ ಹೊಣೆಯೆಂಬ ಭಾವನೆಯನ್ನು ಕಾಯಿದೆಯೊಂದೇ ಹುಟ್ಟಿಸಲಾರದು. ಅದು ಪ್ರತಿಯೊಂದು ಊರಿನವರೂ ತಮ್ಮೊಳಗೆ ಬೆಳೆಸಿಕೊಳ್ಳಬೇಕಾದ ಧರ್ಮ. ಕಲ್ಯಾಣದ ನಾಡಿನ ನ್ಯಾಯವು ಬಿಟ್ಟುಹೋದ ಈ ಪಾಠವನ್ನು ವಾಚಕರು ಮನನ ಮಾಡುವರೆಂದು ಆಶಿಸುತ್ತೇವೆ.