ಬೆಂಗಳೂರಿನ ಪ್ರಬಂಧ, ಮದರಾಸಿನ ಪದವಿ: ಅನ್ನಾ ಮಣಿ ಪ್ರಕರಣದ ಕುರಿತು ಒಂದು ಟಿಪ್ಪಣಿ

1. ಪ್ರಶ್ನೆ

ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಭೌತವಿಜ್ಞಾನ ವಿಭಾಗ ಶುರುವಾದದ್ದು 1933ರಲ್ಲಿ. ಸಂಸ್ಥೆಯನ್ನು ಡೀಮ್ಡ್ ವಿಶ್ವವಿದ್ಯಾಲಯವೆಂದು ಘೋಷಿಸಿದ್ದು 1958ರಲ್ಲಿ. ನಡುವಿನ 25 ವರ್ಷ ಅಲ್ಲಿ ಸ್ನಾತಕೋತ್ತರ ಹಂತದ ಸಂಶೋಧನೆ ಸಾಕಷ್ಟು ನಡೆಯಿತು. ಆದರೆ ಸಂಸ್ಥೆ ತನ್ನ ಹೆಸರಿನಲ್ಲಿ ಕೊಡಬಹುದಾಗಿದ್ದದ್ದು ಅಸೋಸಿಯೇಟ್‌ಶಿಪ್‌ನಂಥ ಮನ್ನಣೆಯನ್ನು ಮಾತ್ರ. ಎಂ.ಎಸ್ಸಿ., ಪಿಎಚ್.ಡಿ., ಡಿ.ಎಸ್ಸಿ. ಬೇಕಾದವರು ಹೊರಗಿನ ವಿಶ್ವವಿದ್ಯಾಲಯವೊಂದಕ್ಕೆ ಪ್ರಬಂಧ ಸಲ್ಲಿಸಬೇಕಿತ್ತು.

ಅನ್ನಾ ಮಣಿಯವರಿಗೆ (1918–2001) ಪಿಎಚ್.ಡಿ. ದೊರೆಯದ ಸಂಗತಿ ಈಗ ಎಲ್ಲರಿಗೂ ತಿಳಿದದ್ದೇ. ಅದನ್ನು ಮೇಲೆ ಹೇಳಿದ ವ್ಯವಸ್ಥೆಯೊಳಗೆ ಇಟ್ಟು ನೋಡಿದರೆ ಏನು ಕಾಣುತ್ತದೆ ಎಂಬುದಷ್ಟೇ ಈ ಟಿಪ್ಪಣಿಯ ವ್ಯಾಪ್ತಿ. ರಾಮನ್ ಪ್ರಯೋಗಾಲಯದಲ್ಲಿ ಮಹಿಳೆಯರ ಸ್ಥಿತಿಗತಿ ಎಂಬ ದೊಡ್ಡ ವಿಷಯ ಇಲ್ಲಿ ಬರುವುದಿಲ್ಲ. ಆ ಕುರಿತು ಆಭಾ ಸೂರ್ ಅವರ ವಿಸ್ತೃತ ಅಧ್ಯಯನವಿದೆ. ಮಣಿಯವರ ವಿವರಗಳಿಗೂ ಇಲ್ಲಿ ಮುಖ್ಯ ಆಧಾರ ಸೂರ್ ಅವರ ಬರಹಗಳೇ.

2. ಕಾಲಕ್ರಮದ ಕೆಲವು ಅಂಶಗಳು

ಸಂಸ್ಥೆಯ ಆರಂಭ ವರ್ಷವನ್ನು 1909 ಎಂದೂ 1911 ಎಂದೂ ಬರೆಯುವುದುಂಟು. ಮೊದಲನೆಯದು ಸ್ಥಾಪನೆಯ ಆದೇಶದ ವರ್ಷ, ಎರಡನೆಯದು ವಿದ್ಯಾರ್ಥಿಗಳ ಮೊದಲ ತಂಡ ಸೇರಿದ ವರ್ಷ. ಹಾಗಾಗಿ ಇವೆರಡರ ನಡುವೆ ವಿರೋಧವಿಲ್ಲ. ಮೊದಲ ವಿಭಾಗಗಳು ರಸಾಯನವಿಜ್ಞಾನ ಮತ್ತು ವಿದ್ಯುತ್ ತಂತ್ರಜ್ಞಾನಕ್ಕೆ ಸೇರಿದವು. ಭೌತವಿಜ್ಞಾನ ಬಂದದ್ದು ಎರಡು ದಶಕ ತಡವಾಗಿ, ಸಿ. ವಿ. ರಾಮನ್ ನಿರ್ದೇಶಕರಾಗಿ ಬಂದಾಗ.

ಮಣಿಯವರನ್ನು ‘ನಿರ್ದೇಶಕ ರಾಮನ್ ಅವರ ವಿದ್ಯಾರ್ಥಿನಿ’ ಎಂದು ಕರೆಯುವುದು ನಿಖರವಲ್ಲ. ರಾಮನ್ 1937ರಲ್ಲೇ ನಿರ್ದೇಶಕ ಹುದ್ದೆ ಬಿಟ್ಟಿದ್ದರು. ಪ್ರಾಧ್ಯಾಪಕರಾಗಿ ಮಾತ್ರ 1948ರವರೆಗೆ ಮುಂದುವರಿದರು. ಮಣಿ ಸೇರಿದ 1940ರಲ್ಲಿ ನಿರ್ದೇಶಕರಾಗಿದ್ದವರು ಜ್ಞಾನಚಂದ್ರ ಘೋಷ್. ಸಣ್ಣ ತಿದ್ದುಪಡಿಯೇ ಸರಿ, ಆದರೆ ಪದವಿಯ ವಿಷಯದಲ್ಲಿ ರಾಮನ್ ಅವರ ಆಡಳಿತಾತ್ಮಕ ಅಧಿಕಾರ ಎಷ್ಟಿತ್ತು ಎಂದು ಅಳೆಯುವಾಗ ಇದನ್ನು ಮರೆಯುವಂತಿಲ್ಲ.

3. ಹೊರಗಿನ ಪದವಿ: ಮೂರು ಉದಾಹರಣೆ

ಕಮಲಾ ಸೊಹೊನಿ 1933ರಲ್ಲಿ ಜೀವರಸಾಯನ ವಿಭಾಗಕ್ಕೆ ಸೇರಿದರು. ಇಲ್ಲಿ ಮಾಡಿದ ಕೆಲಸಕ್ಕೆ 1936ರಲ್ಲಿ ಎಂ.ಎಸ್ಸಿ. ಕೊಟ್ಟದ್ದು ಬೊಂಬಾಯಿ ವಿಶ್ವವಿದ್ಯಾಲಯ, 1939ರ ಪಿಎಚ್.ಡಿ. ಕೇಂಬ್ರಿಜ್‌ನದು. ವಿಕ್ರಮ್ ಸಾರಾಭಾಯಿ ಯುದ್ಧಕಾಲದಲ್ಲಿ ಬೆಂಗಳೂರಿನಲ್ಲಿದ್ದು ವಿಶ್ವಕಿರಣಗಳ ಮೇಲೆ ಕೆಲಸ ಮಾಡಿದರು. ಪದವಿ ಕೇಂಬ್ರಿಜ್‌ನಿಂದ, 1947ರಲ್ಲಿ. ಅಲಹಾಬಾದಿನ ಎಂ.ಎಸ್ಸಿ. ಮುಗಿಸಿ 1943ರಲ್ಲಿ ಹೋಮಿ ಭಾಭಾ ಅವರ ಬಳಿಗೆ ಬಂದ ಹರೀಶ್ ಚಂದ್ರ ಅವರದೂ ಹೆಚ್ಚುಕಡಿಮೆ ಇದೇ ದಾರಿ: ಕೇಂಬ್ರಿಜ್, 1947.

ಸೊಹೊನಿ ಭೌತವಿಜ್ಞಾನಿಯಲ್ಲ; ಉಳಿದಿಬ್ಬರಿಗೂ ವಿದೇಶದ ಬಾಗಿಲು ತೆರೆದಿತ್ತು. ಆದ್ದರಿಂದ ಮಣಿಯವರೊಂದಿಗೆ ನೇರ ಹೋಲಿಕೆಗೆ ಈ ಮೂವರೂ ಅಷ್ಟಾಗಿ ಒದಗುವುದಿಲ್ಲ. ಕೆಲಸ ಒಂದು ಊರಿನದು, ಪದವಿ ಇನ್ನೊಂದು ಊರಿನದು ಎಂಬುದು ಆ ಕಾಲಕ್ಕೆ ಅಪವಾದವಾಗಿರಲಿಲ್ಲ ಎಂಬಷ್ಟನ್ನು ಮಾತ್ರ ಇವು ತೋರಿಸುತ್ತವೆ.

4. ಮಣಿಯವರ ಕೆಲಸ

ಆಗ ರಾಮನ್ ಬಳಿ ಭಾರತ ಮತ್ತು ಆಫ್ರಿಕದ ಸುಮಾರು 300 ವಜ್ರಗಳಿದ್ದವು. ವಿದ್ಯಾರ್ಥಿಗಳಲ್ಲಿ ಬಹುತೇಕರು ವಜ್ರದ ಒಂದಲ್ಲ ಒಂದು ಗುಣದ ಮೇಲೆ ಕೆಲಸ ಮಾಡುತ್ತಿದ್ದರು. ಮಣಿಯವರ ಪಾಲಿಗೆ ಬಂದದ್ದು ಸಂದೀಪ್ತಿ. 30ಕ್ಕೂ ಹೆಚ್ಚು ವಜ್ರಗಳ ಪ್ರತಿದೀಪ್ತಿ ರೋಹಿತ, ಹೀರಿಕೆಯ ರೋಹಿತ, ರಾಮನ್ ರೋಹಿತ, ಉಷ್ಣತೆಯೊಂದಿಗೆ ಅವು ಬದಲಾಗುವ ಬಗೆ, ಧ್ರುವೀಕರಣದ ಪರಿಣಾಮ: ಇಷ್ಟನ್ನೂ ಅವರು ದಾಖಲಿಸಿದರು.

ಕೆಲಸದ ಸ್ವರೂಪವನ್ನು ಸ್ವಲ್ಪ ವಿವರವಾಗಿ ಗಮನಿಸುವುದು ಉಚಿತ. ಹರಳನ್ನು ದ್ರವೀಕೃತ ಗಾಳಿಯ ಉಷ್ಣತೆಯಲ್ಲಿ ಹಿಡಿದಿಡಬೇಕು. ಕೆಲವು ವಜ್ರಗಳ ಬೆಳಕು ಎಷ್ಟು ಕ್ಷೀಣವೆಂದರೆ ಒಂದು ರೋಹಿತ ಛಾಯಾಫಲಕದ ಮೇಲೆ ಮೂಡಲು 15ರಿಂದ 20 ತಾಸು ಬೇಕು. ಅಷ್ಟೂ ಹೊತ್ತು ಉಷ್ಣತೆಯೂ ಉಪಕರಣದ ಜೋಡಣೆಯೂ ಕದಲಬಾರದು. ಕದಲಿದರೆ ರೇಖೆ ಹರಡಿ ಫಲಕ ನಿಷ್ಪ್ರಯೋಜಕ. ರಾತ್ರಿ ಪ್ರಯೋಗಾಲಯದಲ್ಲೇ ಮಲಗುತ್ತಿದ್ದರೆಂಬ ಮಾತು ಉತ್ಪ್ರೇಕ್ಷೆಯಿರಲಾರದು, ಈ ತಾಸುಗಳ ಲೆಕ್ಕಕ್ಕೆ ಅದು ಸರಿಹೊಂದುತ್ತದೆ. ನೀಲಿ ಪ್ರತಿದೀಪ್ತಿಯ ವಜ್ರಗಳಲ್ಲಿ ಕಾಣುವ 415.2 ನ್ಯಾನೊಮೀಟರಿನ ರೇಖೆ ಹೊರಸೂಸುವಿಕೆಯಲ್ಲೂ ಹೀರಿಕೆಯಲ್ಲೂ ಒಂದೇ ಸ್ಥಾನದಲ್ಲಿರುತ್ತದೆ. ಮೂರು ಸಾರಜನಕ ಪರಮಾಣುಗಳು ಒಂದು ಖಾಲಿ ಸ್ಥಾನವನ್ನು ಸುತ್ತುವರಿದ ದೋಷಕೇಂದ್ರ ಇದಕ್ಕೆ ಕಾರಣವೆಂಬುದು ಇಂದಿನ ತಿಳಿವಳಿಕೆ. ಅಂದಿನ ಫಲಕಗಳ ಕಾಲಕ್ಕೆ ಅದು ಸ್ಪಷ್ಟವಾಗಿರಲಿಲ್ಲ.

1942ರಿಂದ 1945ರ ಅವಧಿಯಲ್ಲಿ ವಜ್ರ ಮತ್ತು ಮಾಣಿಕ್ಯದ ಸಂದೀಪ್ತಿ ಕುರಿತು ಅವರೊಬ್ಬರದೇ ಹೆಸರಿನಲ್ಲಿ 5 ಪ್ರಬಂಧಗಳು ಪ್ರಕಟವಾದವು. 1945ರ ಆಗಸ್ಟ್‌ನಲ್ಲಿ ಮಹಾಪ್ರಬಂಧ ಮದರಾಸು ವಿಶ್ವವಿದ್ಯಾಲಯಕ್ಕೆ ಹೋಯಿತು. ಪದವಿ ಬರಲಿಲ್ಲ. ಎಂ.ಎಸ್ಸಿ. ಇಲ್ಲವೆಂಬುದು ವಿಶ್ವವಿದ್ಯಾಲಯ ಕೊಟ್ಟ ಕಾರಣ. ಅಂದರೆ ತಕರಾರು ಅರ್ಹತೆಯದು; ಪ್ರಬಂಧದ ತಿರುಳಿನದಲ್ಲ.

5. ರಾಮಚಂದ್ರನ್ ಅವರೊಂದಿಗೆ ಹೋಲಿಕೆ

ಜಿ. ಎನ್. ರಾಮಚಂದ್ರನ್ ಸಂಸ್ಥೆಗೆ ಬಂದದ್ದು ಎಲೆಕ್ಟ್ರಿಕಲ್ ಎಂಜಿನಿಯರಿಂಗ್‌ಗೆ. ಆಮೇಲೆ ರಾಮನ್ ಅವರ ವಿಭಾಗಕ್ಕೆ ದಾಟಿದರು. (ಈ ದಾಟುವಿಕೆಯ ಬಗ್ಗೆ ರಾಮನ್ ಆಡಿದರೆನ್ನಲಾದ ಮಾತೊಂದು ಬಹಳ ಪ್ರಚಲಿತ. ಇಲ್ಲಿನ ವಾದಕ್ಕೆ ಅದರ ಅಗತ್ಯವಿಲ್ಲ.) ವಜ್ರದ ಎಕ್ಸ್-ಕಿರಣ ಚಿತ್ರಣದ ಮೇಲೆ ಅವರ ಪ್ರಬಂಧವೂ, ವಜ್ರದ ಪ್ರತಿದೀಪ್ತಿ ಮತ್ತು ಹೀರಿಕೆ ಕುರಿತ ಮಣಿಯವರ ಪ್ರಬಂಧವೂ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್‌ನ ಪ್ರೊಸೀಡಿಂಗ್ಸ್‌ನ 1944ರ ಒಂದೇ ಸಂಪುಟದಲ್ಲಿವೆ. ಪ್ರಯೋಗಾಲಯ ಒಂದೇ, ವಸ್ತು ಒಂದೇ, ಪದವಿಗಾಗಿ ನೆಚ್ಚಿದ ವಿಶ್ವವಿದ್ಯಾಲಯವೂ ಒಂದೇ. ಹೋಲಿಕೆಗೆ ಇದಕ್ಕಿಂತ ಹತ್ತಿರದ ಜೋಡಿ ಸಿಗುವುದು ಕಷ್ಟ.

ರಾಮಚಂದ್ರನ್ ಎರಡು ಹಂತಗಳಲ್ಲಿ ಹೋದರು. ಮದರಾಸಿನ ಯಾವ ಕಾಲೇಜಿಗೂ ಹಾಜರಾಗದೆ, ಬೆಂಗಳೂರಿನಿಂದಲೇ ಪ್ರಬಂಧ ಸಲ್ಲಿಸಿ ಮೊದಲು ಎಂ.ಎಸ್ಸಿ., ಅನಂತರ 1947ರಲ್ಲಿ ಡಿ.ಎಸ್ಸಿ. ಎಂ.ಎಸ್ಸಿ. ವರ್ಷದಲ್ಲಿ ಗೊಂದಲವಿದೆ: ಕೆಲವರು 1942 ಎನ್ನುತ್ತಾರೆ, ಕೆಲವರು 1944. ಅವರು ಸಂಸ್ಥೆ ಸೇರಿದ್ದೇ 1942ರಲ್ಲಿ ಎಂಬುದನ್ನು ಒಪ್ಪಿದರೆ 1944 ಹೆಚ್ಚು ಸಂಭವನೀಯ. ಯಾವುದನ್ನು ಹಿಡಿದರೂ ಕ್ರಮ ಬದಲಾಗುವುದಿಲ್ಲ. ಅದು ಮಣಿಯವರ ಸಲ್ಲಿಕೆಗಿಂತ ಮೊದಲಿನದೇ.

ಇದರಿಂದ ಎರಡು ಸಂಗತಿ ಹೊರಡುತ್ತವೆ. ಒಂದು, ಮದರಾಸು ಕೊಟ್ಟ ಕಾರಣ ಆ ಕಾಲದಲ್ಲಿ ಅನುಸರಿಸಿದ ಕ್ರಮಕ್ಕೆ ಹೊರತಾದುದಲ್ಲವೆಂದು ತೋರುತ್ತದೆ. ಎರಡು, ಎಂ.ಎಸ್ಸಿ. ಕೊರತೆಯನ್ನು ಬೆಂಗಳೂರಿನಲ್ಲಿದ್ದುಕೊಂಡೇ ನೀಗಿಕೊಳ್ಳುವ ಮಾರ್ಗ ಅದೇ ವಿಭಾಗದಲ್ಲಿ ಬಳಕೆಯಲ್ಲಿತ್ತು. ಹೆಚ್ಚು ತೂಕದ್ದು ಎರಡನೆಯದು. 1940ರಿಂದ 1945ರವರೆಗೆ, ಆ ಮಾರ್ಗ ಗೊತ್ತಿದ್ದ ಮಾರ್ಗದರ್ಶಕರ ಕೈಕೆಳಗೆ, ಒಬ್ಬರಿಗೆ ಒದಗಿದ್ದು ಇನ್ನೊಬ್ಬರಿಗೆ ಏಕೆ ಒದಗಲಿಲ್ಲ ಎಂಬ ಪ್ರಶ್ನೆ ಮದರಾಸಿನ ನಿಯಮದಿಂದ ತೀರುವಂಥದ್ದಲ್ಲ. ಪರಿಶೀಲನೆ ಬೆಂಗಳೂರಿಗೇ ಮರಳಬೇಕಾಗುತ್ತದೆ.

6. ಜನಪ್ರಿಯ ಬರಹಗಳಲ್ಲಿನ ವ್ಯತ್ಯಾಸಗಳು

ಮಣಿಯವರ ಆನರ್ಸ್ ಪದವಿ (ಭೌತ–ರಸಾಯನ, 1939) ಪ್ರೆಸಿಡೆನ್ಸಿ ಕಾಲೇಜಿನದೆಂದು ಸೂರ್ ಬರೆದಿದ್ದಾರೆ. ಪಚ್ಚಯ್ಯಪ್ಪ ಕಾಲೇಜು ಎನ್ನುವ ಬರಹಗಳೂ ಇವೆ. ಸೂರ್ ಅವರ ಬರಹಕ್ಕೆ ಮಣಿಯವರ ಸಂದರ್ಶನದ ಹಿನ್ನೆಲೆಯಿರುವುದರಿಂದ ಮೊದಲನೆಯದು ಸ್ವೀಕಾರಾರ್ಹ. ಎರಡೂ ಮದರಾಸು ವಿಶ್ವವಿದ್ಯಾಲಯದ ವ್ಯಾಪ್ತಿಯವೇ ಆದ್ದರಿಂದ ಇಲ್ಲಿನ ವಾದಕ್ಕೆ ಬಾಧಕವಿಲ್ಲ. ಅವರ ಹೆಸರಿಗೆ ‘ಡಾ.’ ಸೇರಿಸುವ ರೂಢಿಯನ್ನಂತೂ ಬಿಡಬೇಕು.

7. ಪಿಎಚ್.ಡಿ. ಮತ್ತು ಉಪಕರಣ ವಿಜ್ಞಾನ

ಪದವಿ ತಪ್ಪಿದ್ದರಿಂದಲೇ ಮಣಿ ಶುದ್ಧ ಭೌತವಿಜ್ಞಾನ ಬಿಟ್ಟು ಹವಾಮಾನ ಉಪಕರಣಗಳತ್ತ ಹೊರಳಿದರೆಂದು ಓದಿಕೊಳ್ಳುವುದು ಸುಲಭ. ದಿನಾಂಕಗಳು ಇದಕ್ಕೆ ಅಷ್ಟಾಗಿ ಒತ್ತಾಸೆ ಕೊಡುವುದಿಲ್ಲ. ಪ್ರಬಂಧ ಸಲ್ಲಿಸಿದ್ದು ಆಗಸ್ಟ್ 1945. ಭಾರತ ಸರ್ಕಾರದ ವಿದ್ಯಾರ್ಥಿವೇತನದ ಮೇಲೆ ಅವರು ಇಂಗ್ಲೆಂಡಿಗೆ ಹೊರಟದ್ದೂ ಅದೇ ವರ್ಷ. ಆಗ ಲಭ್ಯವಿದ್ದ ತರಬೇತಿ ಹವಾಮಾನ ಉಪಕರಣಗಳದು ಮಾತ್ರ ಎಂಬ ಕಾರಣಕ್ಕೆ ಅದನ್ನು ಒಪ್ಪಿಕೊಂಡರೆಂದು ದಾಖಲೆಯಿದೆ. 1948ರಲ್ಲಿ ಪುಣೆಯ ಹವಾಮಾನ ಇಲಾಖೆಯ ಉಪಕರಣ ವಿಭಾಗ ಸೇರಿ, ಸುಮಾರು 100 ಉಪಕರಣಗಳ ನಕ್ಷೆಗಳನ್ನು ಪ್ರಮಾಣೀಕರಿಸಿ, 1976ರಲ್ಲಿ ಉಪ ಮಹಾನಿರ್ದೇಶಕಿಯಾಗಿ ನಿವೃತ್ತರಾದರು. ಪಿಎಚ್.ಡಿ. ಇಲ್ಲದ್ದರಿಂದ ತನ್ನ ಬದುಕಿಗೆ ಹೆಚ್ಚೇನೂ ವ್ಯತ್ಯಾಸವಾಗಲಿಲ್ಲವೆಂಬುದು ಅವರದೇ ನಿಲುವು. ದಶಕಗಳ ಅನಂತರದ ಹೇಳಿಕೆಯಾದ್ದರಿಂದ ಅದನ್ನು 1945ರ ಮನಃಸ್ಥಿತಿಗೆ ಸಾಕ್ಷ್ಯವಾಗಿ ಬಳಸಲಾಗದು. ವೃತ್ತಿಯ ಮಟ್ಟಿಗೆ ಮಾತ್ರ ಹವಾಮಾನ ಇಲಾಖೆಯ ದಾಖಲೆ ಅದಕ್ಕೆ ವಿರುದ್ಧವಾಗಿಲ್ಲ.